ವಜೀರ ನೋಡ್ಕೊಳ್ರಿ

ನಮ್ಮ ವಿಶ್ವವಿದ್ಯಾಲಯದ ಚದುರಂಗ ತಂಡಕ್ಕೆ ನಾನು ಸೇರಿದ್ದು ಒಬ್ಬ ಹುಡುಗನಿಗೆ ಕಾಮಾಲೆ ಆದದ್ದರಿಂದ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಇಲ್ಲವಾದರೆ ಹೇಳುವುದಕ್ಕೆ ತಂಡದ ನಾಯಕ ಹನುಮಂತ್ರಾಯ ಇದ್ದೇ ಇದ್ದಾನೆ. "ನಾಲ್ಕನೇ ಬೋರ್ಡಿಗೆ ನಮ್ಮ ಗಡಿಗೆಪ್ಪ ಇದ್ದ್ರಿ. ಅವನ ಕಣ್ಣು ಹಳದಿ ಆದ್ವು, ಅದಕ್ಕ ಈ ಭೀಮವ್ವ ಬಂದಾಳ" ಎಂದು ಅವನು ಆ ವಾರವೆಲ್ಲ ರಾಯಚೂರಿನ ಕಂಡಕಂಡವರಿಗೆ ಸಾರಿದ್ದ. ಕಾಲೇಜಿನ ಗೇಟಿನ ಹತ್ತಿರ ಶೇಂಗಾ ಮಾರುವ ಹಣಮಮ್ಮನಿಗೂ ಹೇಳಿದ್ದ. ಆಕೆ ನನ್ನನ್ನು ನೋಡಿದಾಗಲೆಲ್ಲ, "ಆ ಹುಡುಗನ ಕಣ್ಣು ಹ್ಯಾಂಗ ಅದಾವ ಬೇ?" ಎಂದು ವಿಚಾರಿಸುತ್ತಿದ್ದಳು.

ಅದು ಎಂಬತ್ಮೂರನೇ ಇಸವಿ. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಊರು ದೇವದುರ್ಗ ತಾಲೂಕಿನ ಅರಕೇರಾ, ಮನೆಯವರು ಕುರಿ ಸಾಕುವವರು. ಹುಡುಗಿಯರ ಬೇರೆ ತಂಡ ಕಟ್ಟುವಷ್ಟು ಆಟಗಾರ್ತಿಯರು ಇರಲಿಲ್ಲವಾದ್ದರಿಂದ ಹುಡುಗರ ಜೊತೆಗೇ ಆಡಬೇಕಿತ್ತು. ಹೈದರಾಬಾದ್ ಕಡೆಯ ಒಂದು ವಿಶ್ವವಿದ್ಯಾಲಯದ ತಂಡ ರಾಯಚೂರಿಗೆ ಬರುವುದಿತ್ತು. ಗೆದ್ದ ತಂಡಕ್ಕೆ ಮದ್ರಾಸಿನ ಪಂದ್ಯಾವಳಿ. ನಾನು ಅಲ್ಲಿಯವರೆಗೆ ಕೃಷ್ಣಾ ಹೊಳೆಗಿಂತ ದೊಡ್ಡ ನೀರು ನೋಡಿದವಳಲ್ಲ. ಮದ್ರಾಸಿನಲ್ಲಿ ಸಮುದ್ರ ಇದೆ ಎಂದು ಭೂಗೋಳದಲ್ಲಿ ಓದಿದ್ದು ನೆನಪಿತ್ತು.

ನಮ್ಮ ಮ್ಯಾನೇಜರು ಪಕೀರಪ್ಪ ಸರ್, ದೈಹಿಕ ಶಿಕ್ಷಣದವರು, ಕಬಡ್ಡಿಯಲ್ಲಿ ಮಂಡಿಚಿಪ್ಪು ಕಳೆದುಕೊಂಡವರು. ಬೆವರು ಬಾರದ ಆಟವನ್ನು ಆಟ ಎಂದು ಒಪ್ಪುವುದಕ್ಕೆ ಅವರ ಮನಸ್ಸು ಇನ್ನೂ ತಯಾರಿರಲಿಲ್ಲ. ಆದರೂ ಅವರು ನನಗೆ ಮಾತನ್ನು ನೇರವಾಗಿಯೇ ಹೇಳಿದರು.

"ನೋಡವ್ವ, ನೀ ಗೆದ್ದಿ ಅಂದ್ರ ತಂಡದಾಗ ಇರ್ತಿ, ಮದ್ರಾಸಿಗೂ ಬರ್ತಿ. ಸೋತಿ ಅಂದ್ರ ಗಡಿಗೆಪ್ಪ ಆರಾಮಾಗಿ ಬಂದುಬಿಡ್ತಾನ. ಮತ್ತ ನಿನ್ನನ್ನ ಯಾರೂ ಕೇಳಂಗಿಲ್ಲ."

ಅಂದರೆ ನನ್ನ ಪಾಲಿಗೆ ಇದ್ದದ್ದು ಒಂದೇ ಆಟ. ಅದರ ಮೇಲೆ ನನ್ನ ಆಟವನ್ನು ನನ್ನ ತಂಡದವರೇ ಆಟ ಎನ್ನುತ್ತಿರಲಿಲ್ಲ.

ನನಗೆ ಚದುರಂಗ ಬಂದದ್ದು ನಮ್ಮ ಮುತ್ಯಾನಿಂದ, ಅಂದರೆ ಅಜ್ಜನಿಂದ. ಮುತ್ಯಾ ಮಾಳಿಂಗಪ್ಪನಿಗೆ ಅದು ಬಂದದ್ದು ಮಾನವಿಯ ಮಲಂಗಸಾಬರಿಂದ. ಮಲಂಗಸಾಬರು ಕಂಬಳಿ ವ್ಯಾಪಾರಿ. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಅರಕೇರಾಕ್ಕೆ ಬಂದು ನಮ್ಮವರು ನೇಯ್ದ ಕಂಬಳಿ ಕೊಳ್ಳುತ್ತಿದ್ದರು. ವ್ಯಾಪಾರ ಅರ್ಧ ತಾಸಿನದು, ಉಳಿಯುತ್ತಿದ್ದದ್ದು ವಾರಗಟ್ಟಲೆ. ಕರಿ ಕಂಬಳಿಯ ಮೇಲೆ ಬಿಳಿ ನೂಲಿನಿಂದ ಮನೆಗಳನ್ನು ಹೊಲಿದ ಹಾಸು, ಜಾಲಿ ಕಟ್ಟಿಗೆಯಲ್ಲಿ ಕೆತ್ತಿದ ಕಾಯಿಗಳು. ರಾಜ, ರಾಣಿಯ ಜಾಗದಲ್ಲಿ ವಜೀರ, ನೇರಕ್ಕೆ ನಡೆಯುವ ಆನೆ, ಓರೆಗೆ ನಡೆಯುವ ಒಂಟೆ, ಕುದುರೆ, ಮುಂದಿನ ಸಾಲಿನಲ್ಲಿ ಪ್ಯಾದೆಗಳು. ನಾನು ಮುತ್ಯಾನ ತೊಡೆಯ ಮೇಲೆ ಕುಳಿತು ನೋಡುತ್ತ ಕಲಿತೆ. ಆಮೇಲೆ ಪೇಟೆಯ ತುಂಬ ಗಿರಣಿಯ ರಗ್ಗುಗಳು ಬಂದವು, ಕಂಬಳಿ ಕೇಳುವವರಿಲ್ಲದಂತಾಯಿತು, ಮಲಂಗಸಾಬರು ಬರುವುದೂ ನಿಂತಿತು. ಹಾಸು ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ಆ ಆಟದಲ್ಲಿ ಪ್ಯಾದೆ ಯಾವಾಗಲೂ ಒಂದೇ ಮನೆ ನಡೆಯುತ್ತದೆ. ಕಾಲೇಜಿನ ಆಟದಲ್ಲಿ ಮೊದಲ ಸಲ ಎರಡು ಮನೆ ಹಾರಬಹುದು ಎಂದು ನಾನು ಹೇಳಿದಾಗ ಮುತ್ಯಾ, "ಮೊದಲ ಹೆಜ್ಜಿಗೇ ಜಿಗಿಯಾಕ ಅದೇನು ಪ್ಯಾದಿಯೋ ಮಿಡತಿಯೋ?" ಎಂದು ಕೇಳಿದ್ದ. ನನ್ನ ಕೈಗೂ ಆ ಎರಡು ಮನೆ ಎಂದೂ ಒಗ್ಗಲಿಲ್ಲ. ನಾನು ಕುದುರೆಯ ಮುಂದಿನ ಪ್ಯಾದೆಯನ್ನು ಒಂದು ಮನೆ ಸರಿಸುತ್ತಿದ್ದೆ, ಖಾಲಿಯಾದ ಜಾಗದಲ್ಲಿ ಒಂಟೆಯನ್ನು ಕೂರಿಸುತ್ತಿದ್ದೆ. ಆ ಬದಿಗೂ ಹಾಗೇ, ಈ ಬದಿಗೂ ಹಾಗೇ. ಎರಡು ಮೂಲೆಗಳಿಂದ ಎರಡು ಒಂಟೆಗಳು ಹಾಸಿನ ಉದ್ದಕ್ಕೂ ಓರೆಯಾಗಿ ನೋಡುತ್ತ ಕೂರುತ್ತಿದ್ದವು. ನಡುವಿನ ಜಾಗವನ್ನು ಎದುರಿನವರಿಗೇ ಬಿಟ್ಟುಕೊಡುತ್ತಿದ್ದೆ. ಕುರಿ ಕಾಯುವವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಹಿಂಡನ್ನು ಯಾರೂ ಹೊಲದ ನಡುವೆ ನುಗ್ಗಿಸುವುದಿಲ್ಲ, ಬದುವಿನ ಗುಂಟ ಹೊಡೆದುಕೊಂಡು ಹೋಗುತ್ತಾರೆ.

ಹನುಮಂತ್ರಾಯ ಮಾತ್ರ ನಕ್ಕಿದ್ದೇ ನಕ್ಕಿದ್ದು. "ಗ್ವಾಡಿ ಹಿಡ್ಕೊಂಡು ನಡೆಯೋ ಮುದುಕಿ ಆಟ ಇದು. ನಡುವಿನ ಪ್ಯಾದಿ ಎರಡು ಮನಿ ತಳ್ಳು ಅಂದ್ರ ತಳ್ಳಂಗಿಲ್ಲ." ಅವನ ಹತ್ತಿರ ದಪ್ಪ ಇಂಗ್ಲಿಷ್ ಪುಸ್ತಕ ಇತ್ತು. ಇಂಥ ಆರಂಭಕ್ಕೆ ಅದರಲ್ಲಿ ಫ್ಲ್ಯಾಂಕ್ ಓಪನಿಂಗ್ ಎಂಬ ಮರ್ಯಾದೆಯ ಹೆಸರಿದೆ, ದೊಡ್ಡ ದೊಡ್ಡವರು ಆಡಿದ್ದಾರೆ ಎಂದು ನನಗೆ ಆಮೇಲೆ ತಿಳಿಯಿತು. ಅವನಿಗೆ ಆಗಲೇ ಗೊತ್ತಿತ್ತು, ಹೇಳಲಿಲ್ಲ. ಪುಣ್ಯಾತ್ಮ.

ಅದಕ್ಕಿಂತ ದೊಡ್ಡ ತಕರಾರು ನನ್ನ ಬಾಯಿಯದು. ಮಲಂಗಸಾಬರ ಆಟದಲ್ಲಿ ಒಂದು ಕಟ್ಟುಪಾಡು ಇತ್ತು. ಎದುರಿನವರ ವಜೀರನಿಗೆ ಗುರಿ ಇಟ್ಟರೆ ಬಾಯಿಬಿಟ್ಟು ಹೇಳಬೇಕು, "ವಜೀರ ನೋಡ್ಕೊಳ್ರಿ" ಎಂದು. ಹೇಳಿದ ಮೇಲೂ ಅವರು ನೋಡಿಕೊಳ್ಳದಿದ್ದರೆ ಹೊಡೆಯಬಹುದು, ಅದು ಅವರ ಹಣೆಬರಹ. ಹೇಳದೆ ಹೊಡೆದರೆ ಮಾತ್ರ ಆಟ ಅಲ್ಲಿಗೇ ನಿಲ್ಲುತ್ತಿತ್ತು. "ಹೇಳದ ಬರಾದು ತ್ವಾಳ" ಎನ್ನುತ್ತಿದ್ದ ಮುತ್ಯಾ. ಕುರಿಯವರ ಮನೆಯಲ್ಲಿ ತೋಳಕ್ಕಿಂತ ಕೆಟ್ಟ ಬೈಗುಳ ಇಲ್ಲ. ಅಭ್ಯಾಸದ ಆಟಗಳಲ್ಲಿ ನಾನು ಹೀಗೆ ಹೇಳಿ ಹೇಳಿ ಗೆಲ್ಲುವ ಆಟವನ್ನೆಲ್ಲ ಎದುರಿನವರ ಕೈಗೆ ಕೊಡುತ್ತಿದ್ದೆ. ಪಂದ್ಯದಲ್ಲಿ ಆಡುವಾಗ ಎದುರಿನವರ ಜೊತೆ ಮಾತಾಡುವುದೇ ತಪ್ಪು ಎಂದು ಹನುಮಂತ್ರಾಯ ತಲೆ ಚಚ್ಚಿಕೊಂಡ. ನನಗೇನು ತಿಳಿಯದೆ ಇರಲಿಲ್ಲ. ಆದರೆ ಕೈ ಕಾಯಿಯನ್ನು ಇಟ್ಟ ಕೂಡಲೇ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು.

ಪಕೀರಪ್ಪ ಸರ್ ಇದಕ್ಕೆ ಔಷಧಿ ಹುಡುಕಿದರು. ಪಂದ್ಯದ ದಿನ ಬೆಳಿಗ್ಗೆ ನನ್ನ ಅಂಗೈಯಲ್ಲಿ ಅಡಿಕೆ ಗಾತ್ರದ ಕಲ್ಲುಸಕ್ಕರೆ ಇಟ್ಟು, "ಬಾಯಾಗ ಇಟ್ಕೋ. ಅದು ಇರೂತನ ತುಟಿ ಬಿಚ್ಚಬ್ಯಾಡ" ಎಂದರು.

ಕಾಲೇಜಿನ ಹಾಲಿನಲ್ಲಿ ನಾಲ್ಕು ಮೇಜು ಹಾಕಿದ್ದರು. ಗೆದ್ದರೆ ಒಂದು ಅಂಕ, ಡ್ರಾ ಆದರೆ ಇಬ್ಬರಿಗೂ ಅರ್ಧರ್ಧ. ಎರಡೂ ತಂಡ ಸಮವಾದರೆ ಮೊದಲ ಬೋರ್ಡಿನಲ್ಲಿ ಗೆದ್ದವರ ತಂಡ ಮುಂದಕ್ಕೆ. ತೀರ್ಪುಗಾರರು ನಿವೃತ್ತ ಗಣಿತದ ಮೇಷ್ಟರು, ಕೆಮ್ಮಿದವರನ್ನೂ ತಿರುಗಿ ನೋಡುವಂಥವರು.

ನನ್ನ ಎದುರಿಗೆ ಕುಳಿತದ್ದೂ ಒಬ್ಬ ಹುಡುಗಿ. ಹೆಸರು ವಾಹಿದಾ ಎಂದು ಮೇಜಿನ ಚೀಟಿಯಲ್ಲಿತ್ತು. ದಪ್ಪ ಕನ್ನಡಕ, ಹೆಗಲ ಮೇಲೆ ನೀಟಾಗಿ ಮಡಿಸಿದ ದುಪಟ್ಟಾ. ತನ್ನ ತಂಡದವರ ಜೊತೆ ಸರಸರ ಉರ್ದು ಆಡುತ್ತಿದ್ದಳು. ಹೈದರಾಬಾದಿನ ಶ್ರೀಮಂತರ ಮಗಳು ಇರಬೇಕು, ಇವಳಿಗೆ ನಾನು ಯಾವ ಲೆಕ್ಕ ಅಂದುಕೊಂಡು ಸುಮ್ಮನೆ ಸಿಟ್ಟು ಮಾಡಿಕೊಂಡೆ. ನನಗೆ ಆಟಕ್ಕೆ ಕೂರುವ ಮೊದಲು ಯಾರ ಮೇಲಾದರೂ ಸಿಟ್ಟು ಬೇಕು.

ಬಿಳಿ ಕಾಯಿ ನನ್ನವು. ಕುದುರೆಯ ಮುಂದಿನ ಪ್ಯಾದೆಯನ್ನು ಒಂದು ಮನೆ ಸರಿಸಿದೆ. ಹಿಂದಿನಿಂದ ಹನುಮಂತ್ರಾಯ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ತನ್ನ ಮೇಜಿನಲ್ಲಿ ತನ್ನ ಆಟ ನಡೆದಿದ್ದರೂ ಈ ಕಡೆ ನಿಟ್ಟುಸಿರು ಬಿಡುವುದಕ್ಕೆ ಅವನಿಗೆ ಪುರುಸೊತ್ತಿತ್ತು. ವಾಹಿದಾ ನನ್ನ ಪ್ಯಾದೆಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ನಾನು ಒಂಟೆ ಕೂರಿಸಿದೆ, ಆ ಬದಿಯ ಪ್ಯಾದೆ ಸರಿಸಿದೆ, ಎರಡನೇ ಒಂಟೆಯನ್ನೂ ಕೂರಿಸಿದೆ. ಆಕೆ ನಡುವೆಲ್ಲ ತುಂಬಿಕೊಂಡು ಬಂದಳು. ಬರಲಿ ಎಂದು ಬಿಟ್ಟೆ.

ಒಂದು ತಾಸು ಕಳೆದಿರಬೇಕು. ಆಕೆಯ ವಜೀರ ಮುಂದೆ ಬಂದು ನನ್ನ ಒಂಟೆಯ ಓರೆ ದಾರಿಯಲ್ಲೇ ನಿಂತಿತು. ನಡುವೆ ಅಡ್ಡ ಇದ್ದದ್ದು ನನ್ನದೇ ಕುದುರೆ. ನಾನು ಕುದುರೆಯನ್ನು ಎತ್ತಿ ಆಕೆಯ ಆನೆಗೆ ಗುರಿಯಿಟ್ಟು ಕೂರಿಸಿದೆ. ಆಕೆ ಕುದುರೆಯನ್ನೇ ನೋಡಿದಳು. ಹಿಂದೆ ತೆರೆದ ಒಂಟೆಯ ದಾರಿ ಕಾಣಲಿಲ್ಲ. ಆಕೆಯ ಕೈ ಆನೆಯ ಕಡೆಗೆ ಹೊರಟಿತು. ಆನೆ ಸರಿದರೆ ವಜೀರ ನನ್ನದು, ವಜೀರ ಹೋದರೆ ಆಟ ನನ್ನದು, ಆಟ ನನ್ನದಾದರೆ ಮದ್ರಾಸು.

ಕಲ್ಲುಸಕ್ಕರೆ ಯಾವಾಗಲೋ ಕರಗಿಹೋಗಿತ್ತು.

"ವಜೀರ ನೋಡ್ಕೊಳ್ರಿ" ಅಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಕೀರಪ್ಪ ಸರ್ ಹಣೆ ಬಡಿದುಕೊಂಡ ಸದ್ದು ಹಾಲಿಗೆಲ್ಲ ಕೇಳಿಸಿತು. ಆ ಕಡೆಯ ಮ್ಯಾನೇಜರು ಓಡಿಬಂದು, ನಮ್ಮ ಹುಡುಗಿಯ ಧ್ಯಾನ ಕೆಡಿಸುತ್ತಿದ್ದಾಳೆ ಎಂದು ಕೂಗಾಡಿದರು. ಅವರಿಗೆ ನಾನು ಆಕೆಯ ವಜೀರನನ್ನು ಉಳಿಸಿದ್ದು ಹೊಳೆದಿರಲಿಲ್ಲ. ತೀರ್ಪುಗಾರರು ಬಂದು ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು.

"ಇನ್ನ ಮ್ಯಾಲ ಇಬ್ಬರೊಳಗ ಯಾರು ಮಾತಾಡಿದ್ರೂ ಆಟ ಸೋತ್ರು ಅಂತ ಬರಿತೀನಿ. ಡ್ರಾ ಕೇಳೂದಿದ್ರ ಕೇಳ್ರಿ, ಅದಕ್ಕ ಅಡ್ಡಿ ಇಲ್ಲ. ಅದು ಬಿಟ್ಟು ಒಂದಕ್ಷರ ನನ್ನ ಕಿವಿಗೆ ಬೀಳಬಾರದು."

ವಾಹಿದಾ ನನ್ನ ಮುಖ ನೋಡಿದಳು, ನನ್ನ ಎರಡು ಮೂಲೆಯ ಒಂಟೆಗಳನ್ನು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಆಮೇಲೆ ವಜೀರನನ್ನು ಜೋಪಾನವಾಗಿ ಹಿಂದಕ್ಕೆ ತೆಗೆದುಕೊಂಡಳು. ನನಗೆ ಆನೆ ಸಿಕ್ಕಿತು, ಆಕೆ ನನ್ನ ಕುದುರೆ ತಿಂದಳು, ಹಿಂದೆಯೇ ಎರಡು ಪ್ಯಾದೆಗಳನ್ನೂ. ಆಟ ಹೆಚ್ಚುಕಡಿಮೆ ಸಮಕ್ಕೆ ಬಂದು ನಿಂತಿತು.

ಅಷ್ಟರಲ್ಲಿ ಉಳಿದ ಮೇಜುಗಳ ಆಟ ಮುಗಿದವು. ಎರಡನೇ ಬೋರ್ಡಿನಲ್ಲಿ ನಮ್ಮವರು ಗೆದ್ದರು, ಮೂರನೆಯದು ಡ್ರಾ. ಮೊದಲ ಬೋರ್ಡಿನಲ್ಲಿ ಹನುಮಂತ್ರಾಯ ಸೋತ. ಹೊಲದ ನಡುವೆ ನುಗ್ಗಿದ್ದ. ಈಗ ಲೆಕ್ಕ ಸರಳ: ಒಂದೂವರೆ, ಒಂದೂವರೆ. ನನ್ನ ಆಟ ಡ್ರಾ ಆದರೂ ಮೊದಲ ಬೋರ್ಡು ಗೆದ್ದ ಅವರೇ ಮುಂದಕ್ಕೆ. ನಾನು ಗೆಲ್ಲಲೇಬೇಕು. ಎಲ್ಲರೂ ಬಂದು ನಮ್ಮ ಮೇಜಿನ ಸುತ್ತ ನಿಂತರು. ಹನುಮಂತ್ರಾಯ ಮುಖ ಹರಳೆಣ್ಣೆ ಕುಡಿದವನಂತೆ ಮಾಡಿಕೊಂಡು ನನ್ನ ನೆತ್ತಿಯ ಮೇಲೇ ಉಸಿರಾಡುತ್ತಿದ್ದ.

ನಾನು ಆಕೆಯ ರಾಜನ ಮೇಲೆ ಕಣ್ಣಿಟ್ಟು ಕಾಯಿಗಳನ್ನು ಒಂದೊಂದಾಗಿ ಆ ಕಡೆಗೆ ಒಯ್ಯುತ್ತಿದ್ದೆ. ಇನ್ನು ಸ್ವಲ್ಪದರಲ್ಲೇ ಆಯಿತು ಅನ್ನಿಸುತ್ತಿತ್ತು. ಆಗ ವಾಹಿದಾ ತನ್ನ ಒಂಟೆಯನ್ನು ಓರೆಗೆ ಸರಿಸಿ ನನ್ನ ಒಂದು ಪ್ಯಾದೆಗೆ ಗುರಿಯಿಟ್ಟಳು. ಪ್ಯಾದೆ ಹೋದರೆ ಹೋಗಲಿ, ನನಗೆ ಬೇಕಾದದ್ದು ರಾಜ. ನನ್ನ ಕೈ ಆಗಲೇ ಮೇಲೆದ್ದಿತ್ತು.

"ಡ್ರಾ?" ಅಂದಳು ಆಕೆ. ಮೆಲ್ಲಗೆ, ಒಂದೇ ಮಾತು.

ನನಗೆ ಮೈಯೆಲ್ಲ ಉರಿಯಿತು. ಡ್ರಾ ಅಂದರೆ ಅವರ ಗೆಲುವು, ಇವಳಿಗೆ ಗೊತ್ತಿಲ್ಲವೇ? ಆಹಾ, ಎಂಥ ಉಪಕಾರ, ನಿನ್ನ ಡ್ರಾ ನಿನ್ನ ಹತ್ತಿರವೇ ಇಟ್ಟುಕೋ ಎಂದು ಕಣ್ಣಿನಲ್ಲೇ ಹೇಳಬೇಕೆಂದು ತಲೆ ಎತ್ತಿದೆ. ಆಕೆ ನನ್ನನ್ನು ನೋಡುತ್ತಿರಲಿಲ್ಲ. ಡ್ರಾ ಕೇಳುವವರು ಎದುರಿನವರ ಮುಖ ನೋಡುತ್ತಾರೆ. ಆಕೆ ನೋಡುತ್ತಿದ್ದದ್ದು ನನ್ನ ವಜೀರನನ್ನು. ಅದರ ಮೇಲಿಂದ ಕಣ್ಣನ್ನೇ ತೆಗೆಯಲಿಲ್ಲ.

ನಾನೂ ನೋಡಿದೆ. ಆಕೆಯ ಒಂಟೆ ಸರಿದ ಜಾಗದಿಂದ ಹಿಂದಿನ ಆನೆಗೆ ದಾರಿ ತೆರೆದಿತ್ತು, ಸೀದಾ ನನ್ನ ವಜೀರನ ಎದೆಗೆ. ನಾನು ಆಕೆಗೆ ಮಾಡಿದ್ದನ್ನೇ ಆಕೆ ನನಗೆ ಮಾಡಿದ್ದಳು. ಮೇಲೆದ್ದಿದ್ದ ಕೈಯನ್ನು ಕೆಳಗಿಳಿಸಿ ಲಂಗದ ಮೇಲೆ ಬೆವರು ಒರೆಸಿಕೊಂಡೆ.

ವಜೀರನನ್ನು ಎಲ್ಲಿ ಇಡಲಿ? ಬೇರೆ ಮನೆಗಳಿದ್ದವು. ನನಗೆ ಕಂಡದ್ದು ಒಂದು, ನಮ್ಮ ಕಡೆಯ ಕಟ್ಟಕಡೆಯ ಮೂಲೆ, ನನ್ನ ಒಂಟೆಯ ಬೆನ್ನ ಹಿಂದೆ. ಆನೆ ಅಲ್ಲಿಂದ ಎಂದೋ ಎದ್ದು ಹೋಗಿತ್ತು. ಡ್ರಾ ಬೇಡ ಎಂದು ತಲೆಯಾಡಿಸಿ ವಜೀರನನ್ನು ಆ ಮೂಲೆಗೆ ಕಳಿಸಿದೆ.

"ಅಯ್ಯೋ, ಮೂಲಿಗೆ ಹಾಕಿದಳಲ್ಲೋ!" ಎಂದು ಹನುಮಂತ್ರಾಯ ನರಳಿದ. ತೀರ್ಪುಗಾರರು ಅವನನ್ನು ಹಾಲಿನಿಂದ ಹೊರಗೆ ಕಳಿಸಿದರು. ಆ ದಿನ ನನಗಾದ ದೊಡ್ಡ ಉಪಕಾರ ಅದು.

ಮೂಲೆಯಲ್ಲಿ ವಜೀರ, ಅದರ ಮುಂದೆ ಒಂಟೆ, ಎರಡಕ್ಕೂ ಒಂದೇ ಓರೆ ದಾರಿ, ಆ ದಾರಿಯ ಕೊನೆಗೆ ಆಕೆಯ ರಾಜನ ಬಾಗಿಲು. ವಾಹಿದಾ ಅದನ್ನು ಕೂಡಲೇ ಕಂಡಳು, ಮುಚ್ಚುವುದಕ್ಕೆ ತನ್ನ ಕೈಲಾದದ್ದೆಲ್ಲ ಮಾಡಿದಳು. ಚೆನ್ನಾಗಿ ಮಾಡಿದಳು, ಆದರೆ ತಡವಾಗಿತ್ತು. ಅಡ್ಡ ಬಂದದ್ದನ್ನು ಒಂಟೆ ಹೊಡೆಯಿತು, ಆ ಒಂಟೆಯನ್ನು ತಿಂದ ಕಾಯಿಯನ್ನೂ ಹೊಡೆಯುತ್ತ ವಜೀರ ಮೂಲೆಯಿಂದ ಹೋಗಿ ರಾಜನ ಮುಂದೆ ನಿಂತಿತು. ರಾಜನಿಗೆ ಹೋಗಲು ಮನೆ ಉಳಿಯಲಿಲ್ಲ. ಆಕೆ ನಕ್ಕು ಕೈ ಚಾಚಿದಳು.

ಪಕೀರಪ್ಪ ಸರ್ ಕಬಡ್ಡಿಯಲ್ಲಿ ಗೆದ್ದವರಂತೆ ತೊಡೆ ತಟ್ಟಿದರು. ಹೊರಗಿನಿಂದ ಬಂದ ಹನುಮಂತ್ರಾಯ, "ಮೂಲಿಗೆ ಹಾಕಿದಾಗಲೇ ನಾ ಅಂದ್ಕೊಂಡಿದ್ನಿ, ಗೆದ್ಲು ಅಂತ" ಎಂದ. ಆ ಹೊತ್ತಿಗೆ ನನಗೆ ಅವನ ಮೇಲೂ ಪ್ರೀತಿ ಬಂದಿತ್ತು. ಇರಲಿ ಬಿಡು ಅಂದುಕೊಂಡೆ.

ಆಮೇಲೆ ನಾನು ವಾಹಿದಾಳನ್ನು ಹುಡುಕಿಕೊಂಡು ಹೊರಗೆ ಬಂದೆ. ಆಕೆ ಹಣಮಮ್ಮನ ಹತ್ತಿರ ಶೇಂಗಾ ಕೊಳ್ಳುತ್ತಿದ್ದಳು. ಇಬ್ಬರೂ ಬೇವಿನ ಕಟ್ಟೆಯ ಮೇಲೆ ಕುಳಿತೆವು. ಏನೆಂದು ಕೇಳುವುದು ತಿಳಿಯದೆ ನಾನು ಮೊದಲು ಹಿಂದಿಯಲ್ಲಿ ತಡವರಿಸಿದೆ.

"ಕನ್ನಡದಾಗೇ ಮಾತಾಡು" ಅಂದಳು. "ನಂದು ಮಾನವಿ. ಹೈದರಾಬಾದಿನಾಗ ಚಿಕ್ಕಮ್ಮನ ಮನ್ಯಾಗ ಇದ್ದು ಓದಾಕತ್ತೀನಿ."

"ಮತ್ತ ನೀವು ನನಗ ಡ್ರಾ ಕೇಳಿದ್ದು..."

"ನಾ ಎಲ್ಲಿ ಡ್ರಾ ಕೇಳಿದೆ?" ಆಕೆ ಶೇಂಗಾ ಸಿಪ್ಪೆ ಊದಿದಳು. "ವಜೀರ ನೋಡ್ಕೋ ಅಂದೆ. ಆ ಮೇಷ್ಟ್ರು ಬ್ಯಾರೆ ಮಾತು ಎಲ್ಲಿ ಉಳಿಸಿದ್ರು?"

ನಾನು ಜಗಳದ ದನಿಯಲ್ಲೇ ಕೇಳಿದೆ. "ನಾ ನೋಡ್ಲಿಲ್ಲ ಅಂದ್ರ ಏನು ಮಾಡ್ತಿದ್ರಿ?"

"ಹೊಡಿತಿದ್ದೆ. ಹೇಳಿದ ಮ್ಯಾಲ ಹೊಡಿಯಾಕ ಅಡ್ಡಿ ಏನು?"

"ನಿಮ್ಮ ಸರ್ ಬೈಯಲಿಲ್ಲೇನು?"

"ಡ್ರಾ ಕೇಳಿದ್ದು ಭೇಷ್ ಆತು ಅಂದಾರ. ಆಕಿ ಒಪ್ಪಲಿಲ್ಲಂದ್ರ ನೀ ಏನು ಮಾಡ್ತಿ ಅಂತ ಸಮಾಧಾನ ಮಾಡ್ಯಾರ." ಆಕೆ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಎರಡು ಮೂಲಿಗೆ ಎರಡು ಒಂಟಿ. ಹಂಗ ಕೂಡಿಸೋರು ನಮ್ಮ ಅಜ್ಜ ಒಬ್ಬರೇ ಅಂತ ತಿಳ್ಕೊಂಡಿದ್ದೆ. ನಿನಗ ಯಾರು ಕಲಿಸಿದ್ರು?"

"ನಮ್ಮ ಮುತ್ಯಾ. ಅರಕೇರಾದ ಮಾಳಿಂಗಪ್ಪ."

ಆಕೆಯ ಕೈಯ ಶೇಂಗಾ ಹಾಗೇ ನಿಂತಿತು. "ಯಾ ಅಲ್ಲಾ. ಕಂಬಳಿ ಮಾಳಿಂಗಪ್ಪ? ಬದುಕ್ಯಾರ? ನಮ್ಮ ಅಜ್ಜ ದೇವದುರ್ಗದ ಬಸ್ಸಿನಿಂದ ಯಾರು ಇಳಿದ್ರೂ ಅದನ್ನೇ ಕೇಳ್ತಾರ. ಕಣ್ಣು ಮಂಜಾಗ್ಯಾವ, ಒಬ್ಬರೇ ಓಡಾಡಾಕ ಆಗಂಗಿಲ್ಲ."

ಮಲಂಗಸಾಬರು ಇನ್ನೂ ಇದ್ದಾರೆ! ಮಾನವಿಯಲ್ಲಿ, ನಮ್ಮೂರಿನಿಂದ ಎರಡು ಬಸ್ಸಿನ ದೂರದಲ್ಲಿ. ಮದ್ರಾಸಿಗೆ ಹೋಗುತ್ತೇನೆ ಎಂದು ತಿಳಿದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ಆ ಭಾನುವಾರವೇ ಅರಕೇರಾಕ್ಕೆ ಹೋದೆ. ಮುತ್ಯಾ ಹಟ್ಟಿಯ ಮುಂದೆ ಕುರಿ ಉಣ್ಣೆ ಬಿಡಿಸುತ್ತ ಕುಳಿತಿದ್ದ. ನಾನು ಆಟವನ್ನು ಮೊದಲಿನಿಂದ ಹೇಳಿದೆ, ವಾಹಿದಾಳ ಡ್ರಾದವರೆಗೆ. ಆಕೆ ಯಾರ ಮೊಮ್ಮಗಳು ಎಂಬುದನ್ನು ಮಾತ್ರ ಕೊನೆಗೆ ಇಟ್ಟುಕೊಂಡೆ.

"ಡ್ರಾ ಅಂದ್ರೇನು?" ಕೇಳಿದ ಮುತ್ಯಾ.

"ನೀನೂ ಗೆದ್ದಿಲ್ಲ, ನಾನೂ ಗೆದ್ದಿಲ್ಲ, ಇಬ್ಬರೂ ಸರಿಸಮ ಅಂತ ಎದ್ದು ಹೋಗಾದು."

ಮುತ್ಯಾ ಉಣ್ಣೆಯಿಂದ ಒಂದು ಮುಳ್ಳು ಕಿತ್ತೆಸೆದ. "ನೀ ಆಕಿ ವಜೀರ ಬಿಟ್ಟಿ, ಆಕಿ ನಿನ್ನ ವಜೀರ ಬಿಟ್ಲು. ಸರಿಸಮನೇ ಆತಲ್ಲ" ಅಂದ. "ಹುಡುಗಿ ಸುಳ್ಳೇನು ಹೇಳಿಲ್ಲ. ಯಾರ ಮನಿ ಕೂಸದು?"

ಹೇಳಿದೆ. ಮುತ್ಯಾ ಎದ್ದ, ಉಣ್ಣೆ ಅಲ್ಲೇ ಬಿಟ್ಟ, ಒಳಗೆ ಹೋಗಿ ಪೆಟ್ಟಿಗೆಯಿಂದ ಆ ಹಾಸು ತೆಗೆದು ಕೊಡವತೊಡಗಿದ. ಅವ್ವ ಅಡುಗೆಮನೆಯಿಂದ, "ಎಲ್ಲಿಗೆ ಹೊಂಟ್ಯೋ ಯಪ್ಪಾ, ರೊಟ್ಟಿಯಾದ್ರೂ ತಿನ್ನು" ಎಂದು ಕೂಗಿದಳು. ಕಟ್ಟಿಕೊಡು ಅಂದ.

ಮದ್ರಾಸಿನಲ್ಲಿ ನಾವು ಮೊದಲ ಸುತ್ತಿನಲ್ಲೇ ಸೋತೆವು. ನಾನು ಸಮುದ್ರ ನೋಡಿದೆ, ಅದು ಭೂಗೋಳದಲ್ಲಿ ಹೇಳಿದ್ದಕ್ಕಿಂತ ಬಹಳ ದೊಡ್ಡದಿತ್ತು. ಗಡಿಗೆಪ್ಪನಿಗೆ ಕಾಮಾಲೆ ವಾಸಿಯಾಯಿತು, ಆದರೂ ನಾಲ್ಕನೇ ಬೋರ್ಡು ನನ್ನ ಹತ್ತಿರವೇ ಉಳಿಯಿತು. ಮುತ್ಯಾ ಮಾನವಿಯಿಂದ ಮರಳಿದ್ದು ನಾನು ಮದ್ರಾಸಿನಿಂದ ಮರಳಿದ ಮೇಲೆಯೇ. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಮೈ ತುಂಬಿಕೊಂಡಿದ್ದ, ಅಂಗಿಗೆ ಅತ್ತರಿನ ವಾಸನೆ ಇತ್ತು.

"ಗೆದ್ದೇನು ಮುತ್ಯಾ?"

"ಎಲ್ಲಿ ಗೆಲ್ಲಾದು! ಎಲ್ಲಾ ಆಟ ಸೋತೀನಿ." ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದ. "ಮಲಂಗನಿಗೆ ಕಣ್ಣು ಕಾಣಂಗಿಲ್ಲ, ಕೈಲೆ ಮುಟ್ಟಿ ಮುಟ್ಟಿ ಆಡ್ತಾನ. ವಜೀರ ನೋಡ್ಕೋ ಮಾಳಿಂಗಾ, ಅಂತ ಹೇಳಿ ಹೇಳಿ ಹೊಡೆದ. ಕಣ್ಣು ಕಾಣೂ ನಾನು ವಜೀರನ್ನ ನೋಡ್ಲಿಲ್ಲ, ಅವನ ಮಾರಿನೇ ನೋಡ್ಕೋತ ಕುಂತಿದ್ನಿ."